ತಿಕೋಟಾದಲ್ಲಿ ಹವೆಗೆ ಬೈದದ್ದು

ಬಿಜಾಪುರದ ಸ್ಟೇಷನ್ನಿನಲ್ಲಿ ಇಳಿದಾಗ ಬೆಳಿಗ್ಗೆ ಎಂಟೂವರೆ ಗಂಟೆ. ಗದಗಿನಲ್ಲಿ ಗಾಡಿ ಬದಲಿಸಿ, ಮೀಟರ್ ಗೇಜಿನ ಮರದ ಬೆಂಚಿನ ಮೇಲೆ ಕುಲುಕಿಸಿಕೊಂಡು ಬಂದಿದ್ದ ನನ್ನ ಸೊಂಟ ನನ್ನದಾಗಿ ಉಳಿದಿರಲಿಲ್ಲ. ನನ್ನ ಜೊತೆಗಿದ್ದ ಮಿಸೆಸ್ ವಾಟ್ಕಿನ್ಸ್ ಅವರಿಗೆ ಅರವತ್ತಮೂರು ವರ್ಷ. ಅವರು ಪ್ಲಾಟ್‌ಫಾರಮ್ಮಿಗೆ ಕಾಲಿಟ್ಟು, ಟೋಪಿ ಸರಿಪಡಿಸಿಕೊಂಡು, ತಿಳಿಯಾದ ಆಕಾಶವನ್ನು ಒಮ್ಮೆ ನೋಡಿ ತಮ್ಮ ಇಂಗ್ಲಿಷಿನಲ್ಲಿ ಹೇಳಿದರು: “ತುಸು ಗಾಳಿ ಇದೆ, ಅಲ್ಲವೇ? ಸಂಜೆಯ ಹೊತ್ತಿಗೆ ಕೆಡಬಹುದು.”

ಮಾರ್ಚ್ ತಿಂಗಳ ಮೊದಲ ವಾರ. ಮಗುವಿಗೂ ಶೀತವಾಗದಷ್ಟು ಹಿತವಾದ ಗಾಳಿ. ನಾನು ಹಲ್ಲು ಕಚ್ಚಿಕೊಂಡು ಟಾಂಗಾ ಹುಡುಕಲು ಹೋದೆ.

ನಾನು ಮೈಸೂರಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುವವಳು. ಕೆಲವು ವರ್ಷಗಳ ಹಿಂದೆ ಒಂದು ತರಬೇತಿಗೆಂದು ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಒಂದು ವರ್ಷ ಇದ್ದೆ. ಆಗ ನನಗೆ ಮಹಡಿಯ ಕೋಣೆ ಬಾಡಿಗೆಗೆ ಕೊಟ್ಟವರು ಈ ಮಿಸೆಸ್ ವಾಟ್ಕಿನ್ಸ್. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ಒಂದು ಶಾಲೆಯ ಅಡಿಗೆಮನೆಯಲ್ಲಿ ಕೆಲಸ. ಬೆಳಿಗ್ಗೆ ನಾನು ಮೆಟ್ಟಿಲಿಳಿದು ಬರುತ್ತಿದ್ದಂತೆ ಹವೆಯ ಮೇಲೆ ದೂರು ಶುರು. ತುಂತುರು ಬಿದ್ದರೆ ದೂರು, ಬಿಸಿಲು ಬಂದರೆ ‘ಇದು ಬಹಳ ಹೊತ್ತು ನಿಲ್ಲುವುದಿಲ್ಲ’ ಎಂದು ದೂರು. ನಾನು ಪ್ರತಿ ದಿನವೂ ಪ್ರಾಮಾಣಿಕವಾಗಿ, “ನನಗೇನೋ ಚೆನ್ನಾಗಿಯೇ ಇದೆ ಅನ್ನಿಸುತ್ತದೆ” ಎನ್ನುತ್ತಿದ್ದೆ. ಅವರು ಸುಮ್ಮನಾಗಿ ಕೆಟಲಿನ ಕಡೆ ತಿರುಗುತ್ತಿದ್ದರು. ಬಾಯಿ ಮುಚ್ಚಿಸಿದೆ ಎಂದು ನನಗೆ ಒಳಗೊಳಗೇ ಸಮಾಧಾನ.

ಆದರೆ ಒಂದು ವಾರ ಮಾತ್ರ ಅವರು ಹವೆಯ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಜನವರಿಯಲ್ಲಿ ಮೊಣಕಾಲುದ್ದ ಹಿಮ ಬಿದ್ದು, ನಲ್ಲಿಯ ಕೊಳವೆ ಒಡೆದು, ಆರು ದಿನ ಮನೆಯಲ್ಲಿ ನೀರಿರಲಿಲ್ಲ. ಅವರು ಎರಡು ಬಕೆಟ್ ಹಿಡಿದು ಬೀದಿಯ ಕೊನೆಯ ಮನೆಯಿಂದ ನೀರು ಹೊತ್ತು ತಂದರು, ನನಗೆ ಬಿಸಿ ಮಾಡಿಯೂ ಕೊಟ್ಟರು. “ಏನು ಹಿಮ ಇದು” ಎಂದು ನಾನೇ ಮಾತು ತೆಗೆದರೆ, “ಅದರ ಬಗ್ಗೆ ಹೇಳುವುದೇನಿದೆ” ಎಂದು ಬಿಟ್ಟರು. ಇಂಗ್ಲಿಷರ ಹುಚ್ಚು ಎಂದು ನಾನು ಅದನ್ನು ಅಲ್ಲಿಗೇ ಬಿಟ್ಟೆ.

ಈ ವರ್ಷ ಅವರು ಕೆಲಸದಿಂದ ನಿವೃತ್ತರಾಗಿ, ಕೂಡಿಟ್ಟದ್ದನ್ನೆಲ್ಲ ಸೇರಿಸಿ, ಮೂರು ವಾರಕ್ಕೆಂದು ನಮ್ಮ ಮನೆಗೆ ಬಂದರು. ಬಂದ ಮರುದಿನವೇ ಮೈಸೂರಿನ ಹವೆಗೆ ಬೈದರು. ಮೈಸೂರಿನ ಹವೆಗೆ! ನಮ್ಮ ಊರಿನವರು ಯಾರನ್ನು ಏನು ಅಂದರೂ ತಡೆದುಕೊಳ್ಳುತ್ತಾರೆ, ಇದೊಂದನ್ನು ತಡೆಯಲಾರರು. ನಿಜವಾದ ಬಿಸಿಲು ಎಂದರೆ ಏನು ಎಂದು ಇವರಿಗೆ ತೋರಿಸಲೇಬೇಕು ಎಂದು ನನಗೆ ಹಟ ಹುಟ್ಟಿತು. ನಮ್ಮ ಶಾಲೆಯ ಗಣಿತದ ರೆಹಮಾನ್ ಮೇಷ್ಟ್ರು ಬಿಜಾಪುರದ ಕಡೆಯವರು. “ಗುಮ್ಮಟ ನೋಡಿಕೊಂಡು ತಿಕೋಟಾಕ್ಕೆ ಹೋಗಿ. ನಮ್ಮಣ್ಣ ಹುಸೇನಸಾಬ ದ್ರಾಕ್ಷಿ ಹಾಕಿದ್ದಾನೆ, ಈ ವರ್ಷ ಮೊದಲ ಬೆಳೆ. ಹೊಟ್ಟೆ ತುಂಬ ತಿಂದು ಬನ್ನಿ” ಎಂದು ಒಂದು ಕಾಗದ ಬರೆದುಕೊಟ್ಟರು.

ಟಾಂಗಾದವನು ಒಂದೂವರೆ ರೂಪಾಯಿಗೆ ಗಾಂಧಿ ಚೌಕದ ಹತ್ತಿರದ ಒಂದು ವಸತಿಗೃಹಕ್ಕೆ ತಂದು ಬಿಟ್ಟ. ಮಧ್ಯಾಹ್ನ ಖಾನಾವಳಿಯಲ್ಲಿ ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಮಿಸೆಸ್ ವಾಟ್ಕಿನ್ಸ್ ರೊಟ್ಟಿಯನ್ನು ಎರಡು ಕೈಯಲ್ಲಿ ಮುರಿದು, ಹಿಂಡಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಎರಡನೆಯ ಸಲ ಹಾಕಿಸಿಕೊಂಡರು. ಹೊರಗೆ ಬಿಸಿಲು ಚೆನ್ನಾಗಿಯೇ ಏರಿತ್ತು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಕಾದೆ. ಅವರು ಕತ್ತು ಒರೆಸಿಕೊಂಡು ನಡೆದರೇ ಹೊರತು ಸೆಕೆಯ ಮಾತೆತ್ತಲಿಲ್ಲ. ಬದಲಿಗೆ ಚೌಕದ ಅಂಗಡಿಯೊಂದರ ಮುಂದೆ ನಿಂತು ಕರಿ ಬಟ್ಟೆಯ ದೊಡ್ಡ ಕೊಡೆಯೊಂದನ್ನು ಆರಿಸಿದರು.

“ಮಳಿಗಾಲಕ್ಕ ಇನ್ನಾ ಮೂರು ತಿಂಗಳ ಐತ್ರೀ ಅಕ್ಕಾರ, ಹೇಳ್ರಿ ಅವರಿಗಿ” ಎಂದ ಅಂಗಡಿಯವನು. ಆ ಕಡೆ ಶಾಲೆಯಲ್ಲಿ ಪಾಠ ಹೇಳುವ ಹೆಂಗಸರಿಗೆ ಅಕ್ಕಾರ ಎನ್ನುತ್ತಾರೆ; ಮುಖ ಕಂಡರೇ ಗುರುತು ಸಿಗುತ್ತದೋ ಏನೋ, ಎಲ್ಲರೂ ನನ್ನನ್ನು ಹಾಗೆಯೇ ಕರೆದರು. ನಾನು ಹೇಳಿದೆ. “ಹೇಳಲಿಕ್ಕಾಗುವುದಿಲ್ಲ” ಎಂದು ಮಿಸೆಸ್ ವಾಟ್ಕಿನ್ಸ್ ಕೊಡೆ ಬಗಲಿಗೆ ಸೇರಿಸಿಕೊಂಡರು.

ಸಂಜೆ ಗೋಳಗುಮ್ಮಟ ಹತ್ತಿದೆವು. ಮೇಲಿನ ಸುತ್ತುಗಟ್ಟೆಯಲ್ಲಿ ಕಾಲಿಟ್ಟಾಗ ನನ್ನ ಚಪ್ಪಲಿಯ ಸದ್ದೇ ನನ್ನನ್ನು ಬೆನ್ನಟ್ಟಿ ಬಂತು. ಅಷ್ಟು ದೊಡ್ಡ ಗುಮ್ಮಟ ಒಂದೂ ಕಂಬದ ಆಸರೆಯಿಲ್ಲದೆ ತಲೆಯ ಮೇಲೆ ನಿಂತದ್ದನ್ನು ನಾನು ಕತ್ತು ನೋಯುವವರೆಗೆ ನೋಡಿದೆ. ಮಿಸೆಸ್ ವಾಟ್ಕಿನ್ಸ್ ಎದುರು ಬದಿಗೆ ಹೋಗಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರು. ಅಷ್ಟು ದೂರದಿಂದ ಕಿವಿಯ ಪಕ್ಕದಲ್ಲೇ ನುಡಿದಂತೆ ಕೇಳಿತು: “ಇಲ್ಲಿ ತುಸು ತಣ್ಣಗಿದೆ, ಅಲ್ಲವೇ?” ಗುಮ್ಮಟ ಅದನ್ನು ಮತ್ತೆ ಮತ್ತೆ ಹೇಳಿತು. ಯಾವ ಬಾದಶಹನ ಗೋರಿಯ ಮೇಲೂ ಇಷ್ಟು ಸಣ್ಣ ದೂರು ಇಷ್ಟು ಸಲ ಮೊಳಗಿರಲಾರದು.

ಮರುದಿನ ಬೆಳಿಗ್ಗೆ ತಿಕೋಟಾದ ಬಸ್ಸು ಹಿಡಿದೆವು. ಪಶ್ಚಿಮಕ್ಕೆ ಸುಮಾರು ಹನ್ನೆರಡು ಮೈಲಿ, ಟಿಕೀಟು ಒಂದು ರೂಪಾಯಿ ಹತ್ತು ಪೈಸೆ. ಊರು ದಾಟಿದ ಮೇಲೆ ಎರಡೂ ಕಡೆ ನೆಲವೇ ನೆಲ. ಕೊಯಿಲಾದ ಜೋಳದ ಕೂಳೆ, ದೂರದಲ್ಲಿ ಒಂದು ಬೇವಿನ ಮರ, ಬಿಜ್ಜರಗಿ ಕಡೆಗೆ ಸಾಗಿದ್ದ ಒಂದು ಕುರಿಹಿಂಡು. ಮೈಸೂರಿನಲ್ಲಿ ಆಕಾಶ ಎಂದರೆ ಮರಗಳ ನಡುವೆ ಸಿಕ್ಕಷ್ಟು. ಇಲ್ಲಿ ಅದು ನೆಲದಿಂದಲೇ ಶುರುವಾಗಿ ಇನ್ನೊಂದು ಬದಿಯ ನೆಲದವರೆಗೆ ಹೋಗುತ್ತಿತ್ತು. ಅಂದು ಅದರ ತುಂಬ ತೆಳ್ಳನೆಯ ಮೋಡ ಹರಡಿ, ಬಿಸಿಲು ಮೆತ್ತಗಾಗಿ, ಗಾಳಿ ತಂಪಾಗಿತ್ತು.

ಹುಸೇನಸಾಬನ ತೋಟ ಊರಿನಿಂದ ಒಂದು ಫರ್ಲಾಂಗು ಆಚೆ. ಕಲ್ಲುಕಂಬ ನೆಟ್ಟು, ತಂತಿ ಬಿಗಿದು, ಎರಡು ಎಕರೆಯ ತುಂಬ ಬಳ್ಳಿ ಹಬ್ಬಿಸಿದ್ದ. ಒಳಗೆ ಕಾಲಿಟ್ಟವಳು ನಿಂತುಬಿಟ್ಟೆ. ಹೊರಗೆ ಕಣ್ಣು ಹಾಯಿಸಿದಷ್ಟೂ ಬರಿ ನೆಲ, ಒಳಗೆ ತಲೆಯ ಮೇಲೆ ಹಸಿರು ಚಪ್ಪರ, ಚಪ್ಪರದ ತುಂಬ ಬೂದಿ ಹಚ್ಚಿದಂತೆ ಮಸುಕಾಗಿ ಹೊಳೆಯುವ ಗೊಂಚಲುಗಳು. ಎಪ್ಪತ್ತೆರಡರ ಬರಗಾಲದಲ್ಲಿ ಕುಡಿಯಲು ನೀರಿಲ್ಲದೆ ಜನ ಊರು ಬಿಟ್ಟ ಜಾಗ ಇದು ಎಂದು ರೆಹಮಾನ್ ಮೇಷ್ಟ್ರು ಹೇಳಿದ್ದರು. ಆ ಬರ ಕಳೆದ ಮೇಲೆ ಹುಸೇನಸಾಬ ಬಾವಿಯನ್ನು ಇನ್ನಷ್ಟು ತೋಡಿಸಿ, ‘ಜ್ವಾಳದ ಹೊಲದಾಗ ಬಳ್ಳಿ ಹಚ್ಚಾಕತ್ತಾನ, ತಲಿ ಕೆಟ್ಟೈತಿ’ ಎಂದು ಊರವರಿಂದ ಅನ್ನಿಸಿಕೊಂಡು, ಈ ಬಳ್ಳಿಗಳನ್ನು ಸಾಕಿದ್ದ. ಮೂರು ವರ್ಷ ಕಾದು ಬಂದ ಮೊದಲ ಬೆಳೆ ಇದು. ವ್ಯಾಪಾರಿಯ ಲಾರಿ ನಾಲ್ಕು ದಿನಕ್ಕೆ ಬರುವುದಿತ್ತು.

ಹುಸೇನಸಾಬ, ಅವನ ಹೆಂಡತಿ, ಅವನ ತಾಯಿ ಖತೀಜಾಬಿ ಮೂವರೂ ಬಾಗಿಲಲ್ಲೇ ನಿಂತು ಬರಮಾಡಿಕೊಂಡರು. ನನಗೆ ಎದೆ ತುಂಬಿ ಬಂದಿತ್ತು. ಮೆಚ್ಚಿಕೆಯನ್ನು ಬಾಯಿಬಿಟ್ಟು ಹೇಳುವುದು ಸಭ್ಯತೆ ಎಂದು ಕಲಿತವಳು ನಾನು. “ಎಷ್ಟು ಚೆನ್ನಾಗಿದೆ ನಿಮ್ಮ ತೋಟ! ಇಂಥ ಹಣ್ಣು ನಾನು ನೋಡೇ ಇಲ್ಲ. ಹವಾನೂ ಇವತ್ತು ಎಷ್ಟು ಹಿತವಾಗಿದೆ, ಹೀಗೇ ಇರಬೇಕು” ಎಂದೆ.

ಹುಸೇನಸಾಬ ನೆಲ ನೋಡಿದ. ಖತೀಜಾಬಿ ನನ್ನ ಕಡೆ ನೋಡದೆ, ಎರಡೂ ಕೈ ಕಿವಿಯ ಹತ್ತಿರ ಒಯ್ದು ಲಟಲಟ ಬೆರಳು ಮುರಿದು, ಮೂರು ಸಲ ಥೂ ಎಂದರು. ಏನು ತಪ್ಪಾಯಿತೆಂದು ನನಗೆ ತಿಳಿಯಲಿಲ್ಲ. ಅಷ್ಟು ಹೊತ್ತಿಗೆ ಮಿಸೆಸ್ ವಾಟ್ಕಿನ್ಸ್ ಚಪ್ಪರದ ಸಂದಿಯಿಂದ ಮೇಲೆ ನೋಡಿ, ಮೂಗು ಮುರಿದು, ತಮ್ಮ ಮಾಮೂಲಿ ಮಾತು ತೆಗೆದರು. ಖತೀಜಾಬಿ ನನ್ನನ್ನು ಕೇಳಿದರು: “ಏನಂತಾಳವಾ ಆಕಿ?”

ಹೇಳುವುದೋ ಬೇಡವೋ ಎಂದು ಹಿಂದೆಮುಂದೆ ನೋಡಿದೆ. ಬಂದ ಮನೆಯ ಹವೆಯನ್ನು ಬೈಯುವುದೆಂದರೇನು? ಕೊನೆಗೆ ತಗ್ಗಿದ ದನಿಯಲ್ಲಿ, “ಹಾಳು ಹವೆ, ನನಗೆ ಇದು ಒಂದಿಷ್ಟೂ ಹಿಡಿಸಲಿಲ್ಲ ಅಂತಾರೆ” ಎಂದೆ.

ಮುದುಕಿಯ ಮುಖ ಬಿಚ್ಚಿಕೊಂಡಿತು. “ನೋಡ್ರಿ, ಈಕಿಗಿ ತಿಳೀತೈತಿ” ಎಂದು ಮಿಸೆಸ್ ವಾಟ್ಕಿನ್ಸ್ ಅವರ ಕೈ ಹಿಡಿದು ಕರೆದೊಯ್ದು ಹಗ್ಗದ ಹೊರಸಿನ ಮೇಲೆ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು.

ಆಮೇಲೆ ಹುಸೇನಸಾಬ ನನಗೆ ಬಿಡಿಸಿ ಹೇಳಿದ. “ತಪ್ಪ ತಿಳಕೋಬ್ಯಾಡ್ರಿ ಅಕ್ಕಾರ. ಹಣ್ಣ ಮಾಗಿದಾಗ ಈ ತಂಪು ಗಾಳಿ, ಈ ಮ್ವಾಡ ನಮಗ ವೈರಿ ಇದ್ದಂಗ. ಒಂದ್ ಮಳಿ ಬಿತ್ತಂದ್ರ ಹಣ್ಣೆಲ್ಲಾ ಸೀಳಿ ಹೋಗ್ತಾವ. ಸುಡು ಬಿಸಲಿದ್ರ ನಾವು ಆರಾಮ. ಮತ್ತ ಮಾಗಿದ ಹಣ್ಣ ಹೊಗಳಬಾರದ್ರಿ, ನದರ ಆಗ್ತೈತಿ. ನಾವು ‘ಹುಳಿ ಅದಾವ’ ಅಂತೀವಿ. ಹವಾ ಚಲೋ ಐತಿ ಅಂತೂ ಅನ್ನಂಗಿಲ್ಲ.”

ಅಂದರೆ ಒಂದೇ ಉಸಿರಿನಲ್ಲಿ ಹಣ್ಣಿಗೂ ದೃಷ್ಟಿ ತಗುಲಿಸಿ, ಮಳೆಯನ್ನೂ ‘ಹೀಗೇ ಇರಬೇಕು’ ಎಂದು ಹರಸಿದ್ದೆ. ನನ್ನ ಮುಖ ಬೆಂಕಿಯಾಯಿತು. ಆಸ್ಪತ್ರೆಯಲ್ಲಿ ರೋಗಿಗೆ ‘ಮತ್ತೆ ಮತ್ತೆ ಬರುತ್ತಿರಿ’ ಎಂದಂತಾಗಿತ್ತು ನನ್ನ ಸಭ್ಯತೆ.

ಆ ಮಧ್ಯಾಹ್ನವೆಲ್ಲ ಹೊರಸಿನ ಮೇಲೆ ಇಬ್ಬರು ಮುದುಕಿಯರು ಹವೆಗೆ ಬೈಯುತ್ತ ಕೂತರು. ಒಬ್ಬರು ಯಾರ್ಕ್‌ಶೈರ್ ಇಂಗ್ಲಿಷಿನಲ್ಲಿ, ಇನ್ನೊಬ್ಬರು ತಿಕೋಟಾದ ಕನ್ನಡದಲ್ಲಿ. ಮೊದಲು ನಾನು ನಡುವೆ ಕೂತು ಅನುವಾದ ಮಾಡಿದೆ, ಆಮೇಲೆ ನನ್ನ ಅಗತ್ಯವೇ ಬೀಳಲಿಲ್ಲ. “ಗಾಳಿ ನೋಡ ಬೇ, ಎಷ್ಟ ಕೆಟ್ಟ ಐತಿ” ಎಂದು ಅವರು ಕೈ ಎತ್ತಿದರೆ, ಇವರು ತಲೆ ಅಲ್ಲಾಡಿಸಿ ನಾಲಿಗೆ ಲೊಚಗುಟ್ಟುವರು. ಲೀಡ್ಸಿನಲ್ಲಿ ಒಂದು ವರ್ಷ ಪ್ರತಿ ಬೆಳಿಗ್ಗೆ ಇವರು ನನ್ನಿಂದ ಬೇಡಿದ್ದು ಇಷ್ಟೇ ಎಂದು ನನಗೆ ಆಗ ಹೊಳೆಯಿತು. ಹೌದು ಎನ್ನುವ ಒಂದು ಮಾತು, ಪಕ್ಕದಲ್ಲಿ ಒಂದು ಗಳಿಗೆ. ನಾನು ಹವಾಮಾನ ಇಲಾಖೆಯವಳಂತೆ ವಾದಿಸಿದ್ದೆ. ನಾಚಿಕೆಯಾಯಿತು.

ರಾತ್ರಿ ಅವರ ಮನೆಯಲ್ಲೇ ಉಳಿದೆವು. ಬೆಳಗಾದಾಗ ಮೋಡ ದಪ್ಪಗಾಗಿತ್ತು. ಹುಸೇನಸಾಬ ಚಹದ ಕಪ್ಪನ್ನು ಮುಟ್ಟಲಿಲ್ಲ. ಲಾರಿಗೆ ಕಾಯದೆ ಇಂದೇ ಹಣ್ಣು ಕೊಯ್ದು ಗುಡಿಸಲಿನೊಳಗೆ ಇಡಬೇಕು, ಆದರೆ ದ್ರಾಕ್ಷಿ ಕೊಯ್ಯುವುದು ಎಲ್ಲರಿಂದ ಆಗುವುದಲ್ಲ. ಹಣ್ಣಿಗೆ ಬೆರಳು ತಾಗಬಾರದು, ಮೇಲಿನ ಬೂದಿಯಂಥ ಮಸುಕು ಅಳಿಯಬಾರದು, ತೊಟ್ಟು ಹಿಡಿದು ಕತ್ತರಿಯಾಡಿಸಬೇಕು. ಅದು ಗೊತ್ತಿದ್ದವರು ಆ ಸುತ್ತಿನಲ್ಲಿ ಎಂಟೇ ಹೆಂಗಸರು. ಅವರಿದ್ದದ್ದು ಬಬಲೇಶ್ವರದಲ್ಲಿ. ಆ ಕಡೆ ಮೊದಲು ದ್ರಾಕ್ಷಿ ಹಚ್ಚಿದ ಗುರುಪಾದಪ್ಪ ಎಂಬವರು ಅವರಿಗೆ ಕೆಲಸ ಕಲಿಸಿದ್ದರು. ಗುರುಪಾದಪ್ಪನವರ ಹಣ್ಣೂ ಈಗ ಮಾಗಿತ್ತು. “ಹೆಂಗ ಕೇಳಲ್ರಿ ಅಕ್ಕಾರ, ಆದ್ರ ಕೇಳದ ಬ್ಯಾರೆ ದಾರಿ ಇಲ್ಲ” ಎಂದ ಹುಸೇನಸಾಬ. ಊರಿನ ಒಂದು ಲಾರಿಯನ್ನು ಗೊತ್ತುಮಾಡಿದ. ಬಬಲೇಶ್ವರದಿಂದ ಬಿಜಾಪುರಕ್ಕೆ ಬಸ್ಸು ಸಿಗುತ್ತದೆಂದು ನಾವೂ ಅದರಲ್ಲೇ ಹೊರಟೆವು. ಖತೀಜಾಬಿ ಮಿಸೆಸ್ ವಾಟ್ಕಿನ್ಸ್ ಅವರ ಗಲ್ಲ ಸವರಿ, “ಬೈಕೋಂತ ಹೋಗ ಬೇ, ಬಿಡಬ್ಯಾಡ” ಎಂದು ಕಳಿಸಿಕೊಟ್ಟರು.

ಸುಮಾರು ಒಂದು ತಾಸಿನ ಒರಟು ದಾರಿ. ಗುರುಪಾದಪ್ಪನವರು ಅರವತ್ತು ದಾಟಿದ ಎತ್ತರದ ಆಳು, ತಲೆಗೆ ಬಿಳಿ ರುಮಾಲು. ತಮ್ಮ ತೋಟದ ಬಾಗಿಲಲ್ಲಿ ಆ ಎಂಟು ಹೆಂಗಸರಿಗೆ ಕತ್ತರಿ ಹಂಚುತ್ತಿದ್ದರು. ಹುಸೇನಸಾಬ ಲಾರಿಯಿಂದ ಇಳಿದು ಅವರೆದುರು ಹೋಗಿ ನಿಂತ. ಕೇಳಲೇ ಇಲ್ಲ. ಗುರುಪಾದಪ್ಪನವರು ಅವನ ಮುಖ ನೋಡಿದರು, ಲಾರಿ ನೋಡಿದರು, ಆಮೇಲೆ ಬಹಳ ಹೊತ್ತು ಆಕಾಶ ನೋಡಿದರು.

“ಕರಕೊಂಡ್ ಹೋಗು” ಎಂದರು.

“ನಿಮ್ಮ ಹಣ್ಣೂ ಕೊಯ್ಯಾಕ ಬಂದಾವಲ್ರಿ ಕಾಕಾ.”

“ಬಂದಾವ. ನಂದು ಐದನೇ ಬೆಳಿ, ನಿಂದು ಮೊದಲನೇದು. ಐದನೇದು ಹ್ವಾದ್ರ ಒಂದ್ ವರ್ಷ ಹೋಗ್ತೈತಿ. ಮೊದಲನೇದು ಹ್ವಾದ್ರ ನೀ ತ್ವಾಟಾನ ಕಿತ್ತಿ ಒಗೀತಿ. ಹತ್ರವಾ ಗಾಡಿ, ತಡಾ ಮಾಡಬ್ಯಾಡ್ರಿ.”

ಹೆಂಗಸರು ಕತ್ತರಿ ಸೊಂಟಕ್ಕೆ ಸಿಕ್ಕಿಸಿಕೊಂಡು ಲಾರಿ ಹತ್ತಿದರು. ಹುಸೇನಸಾಬ ಮಿಸೆಸ್ ವಾಟ್ಕಿನ್ಸ್ ಅವರನ್ನು ತೋರಿಸಿ, “ಈ ಬಾಯಿಸಾಬ್ರು ನಿನ್ನೆ ಇಡೀ ದಿನ ಹವಾಕ್ಕ ಬೈದಾರ್ರಿ ಕಾಕಾ, ಅದಕ್ಕ ಇಲ್ಲೀತನಾ ಮಳಿ ತಡದೈತಿ” ಎಂದಷ್ಟೇ ಹೇಳಿ ಹೋದ. ಒಂದು ವರ್ಷದ ದುಡಿಮೆಯನ್ನು ಯಾರಾದರೂ ಇಷ್ಟು ಸಲೀಸಾಗಿ ಎತ್ತಿ ಕೊಡುವುದನ್ನು ನಾನು ಕಂಡಿರಲಿಲ್ಲ.

ಬಸ್ಸಿಗೆ ಇನ್ನೂ ಎರಡು ತಾಸು. ಗುರುಪಾದಪ್ಪನವರೂ ಅವರ ಹೆಂಡತಿಯೂ ತಾವಿಬ್ಬರೇ ಕತ್ತರಿ ಹಿಡಿದು ಕೊಯ್ಯಲು ನಿಂತರು. ಮಿಸೆಸ್ ವಾಟ್ಕಿನ್ಸ್ ಟೋಪಿ ತೆಗೆದಿಟ್ಟು, ತೋರಿಸಿಕೊಟ್ಟಂತೆ ತೊಟ್ಟು ಹಿಡಿದು ಕತ್ತರಿಸತೊಡಗಿದರು. ಅಡಿಗೆಮನೆಯ ಕೈ, ತಪ್ಪಲಿಲ್ಲ. ನಾನು ಬುಟ್ಟಿ ಹಿಡಿದೆ. ಎರಡನೆಯ ಬುಟ್ಟಿ ತುಂಬುತ್ತಿದ್ದಾಗ ಗಾಳಿ ನಿಂತಿತು.

ಆಗ ಕಂಡದ್ದನ್ನು ನಾನು ಸಾಯುವವರೆಗೆ ಮರೆಯಲಾರೆ. ದಕ್ಷಿಣದ ಬಯಲಿನಲ್ಲಿ, ಮೈಲಿಗಟ್ಟಲೆ ಆಚೆ, ಮಳೆ ನಡೆದು ಬರುತ್ತಿತ್ತು. ಮೋಡದಿಂದ ನೆಲದವರೆಗೆ ಇಳಿಬಿದ್ದ ಬೂದುಬಣ್ಣದ ಪರದೆ. ಅದರ ಎಡಕ್ಕೆ ಬಿಸಿಲು, ಬಲಕ್ಕೆ ಬಿಸಿಲು, ಹಿಂದೆ ಚಿನ್ನದ ಬಣ್ಣದ ನೆಲ. ಒಂದು ಬೇವಿನ ಮರ ಇತ್ತು, ಪರದೆ ದಾಟಿತು, ಮರ ಕಾಣದಾಯಿತು. ಸದ್ದಿಲ್ಲ. ರಸ್ತೆಯ ಮೇಲಿನ ಗಾಡಿಯವರೂ ಎತ್ತು ನಿಲ್ಲಿಸಿ ಅದು ಯಾವ ಕಡೆ ತಿರುಗುತ್ತದೆಂದು ನೋಡುತ್ತಿದ್ದರು. ಹೆದರಿಕೆಯೂ ಭಕ್ತಿಯೂ ಒಟ್ಟಿಗೆ ಬಂದವು ನನಗೆ. ಇಷ್ಟು ಚೆಲುವಾದದ್ದು ಇಷ್ಟು ಕೇಡು ಮಾಡಬಹುದೆಂದು ಗೊತ್ತಿದ್ದೂ ಕಣ್ಣು ಕೀಳಲಾಗಲಿಲ್ಲ. ಅದು ತಿಕೋಟಾದ ಕಡೆ ಹೊರಳಲಿಲ್ಲ. ನೇರವಾಗಿ ನಮ್ಮ ಮೇಲೆ ಬಂತು.

ಕಾಲು ಗಂಟೆ ಬಿತ್ತು, ನಡುವೆ ಆಲಿಕಲ್ಲೂ ಬಿದ್ದವು. ನಾವು ಮೂವರು ಗುಡಿಸಲಿಗೆ ಓಡಿದೆವು. ಮಿಸೆಸ್ ವಾಟ್ಕಿನ್ಸ್ ಓಡಲಿಲ್ಲ. ಗಾಂಧಿ ಚೌಕದ ಕೊಡೆ ಬಿಚ್ಚಿ, ತಮ್ಮ ಮೇಲಲ್ಲ, ತುಂಬಿದ ಬುಟ್ಟಿಗಳ ಮೇಲೆ ಹಿಡಿದು ಬಗ್ಗಿ ನಿಂತರು. ಬಿಳಿ ಕೂದಲು ತಲೆಗೆ ಅಂಟಿ ನೀರಿಳಿಯುತ್ತಿತ್ತು. ನಾನು ಕೂಗಿದ್ದು ಅವರಿಗೆ ಕೇಳಿಸಲಿಲ್ಲ, ಇಲ್ಲವೇ ಅವರು ಕೇಳಿಸಿಕೊಳ್ಳಲಿಲ್ಲ.

ಮಳೆ ನಿಂತ ಮೇಲೆ ಗುರುಪಾದಪ್ಪನವರು ಒಂದು ಸಾಲಿನ ಕೊನೆಯವರೆಗೆ ನಡೆದು ಬಂದರು. ಹಣ್ಣುಗಳ ಸಿಪ್ಪೆ ಬಿರಿದು ರಸ ತೊಟ್ಟಿಕ್ಕುತ್ತಿತ್ತು. ಕೊಡೆಯ ಕೆಳಗಿನ ಎರಡು ಬುಟ್ಟಿ ಬಿಟ್ಟರೆ ಉಳಿದದ್ದು ಏನೂ ಇಲ್ಲ. ಅವರು ಮಿಸೆಸ್ ವಾಟ್ಕಿನ್ಸ್ ಅವರನ್ನು ನೋಡಿ, ರುಮಾಲು ಬಿಚ್ಚಿ ಹಿಂಡುತ್ತ ನನಗೆ ಹೇಳಿದರು: “ಬಾಯಿಸಾಬ್ರು ಹವಾಕ್ಕ ಭಾಳ ಬೈತಾರಂತಲ್ಲ. ಈಗೇನಂತಾರ, ಕೇಳ್ರಿ.”

ಕೇಳಿದೆ. ಅವರು ಕನ್ನಡಕ ಒರೆಸಿಕೊಂಡು, ಆ ಸಾಲುಗಳನ್ನೂ ಆ ಮುಖವನ್ನೂ ಸರಿಯಾಗಿ ನೋಡಿ, ಮೆಲ್ಲಗೆ ಒಂದು ಮಾತು ಹೇಳಿದರು. ನಾನು ಈ ಸಲ ಹಿಂದೆಮುಂದೆ ನೋಡದೆ ಇದ್ದಂತೆ ಹೇಳಿದೆ: “ಅಂಥದ್ದೇನೂ ಇಲ್ಲ, ತುಸು ಹಸಿಯಾಯಿತು ಅಂತಾರೆ.”

ಗುರುಪಾದಪ್ಪನವರು ಅವರನ್ನು ದಿಟ್ಟಿಸಿ, ನಿಧಾನವಾಗಿ ತಲೆಯಾಡಿಸಿದರು. “ಖರೇ ಐತಿ. ತುಸು ಹಸಿ ಆತು, ಅಷ್ಟ” ಎಂದರು. ಹೆಂಡತಿಯ ಕಡೆ ತಿರುಗಿ, “ಚಾ ಇಡು, ಬಾಯಿಸಾಬ್ರು ತೊಯ್ದಾರ” ಎಂದರು.

ನಾನು ಕಲ್ಲುಕಂಬಕ್ಕೆ ಆನಿಕೊಂಡು ಅತ್ತುಬಿಟ್ಟೆ. ಲೀಡ್ಸಿನ ಹಿಮದಲ್ಲಿ ಎರಡು ಬಕೆಟ್ ಹಿಡಿದು ಬರುತ್ತಿದ್ದ ಹೆಂಗಸು ನನಗೆ ಅಂದು ಬಬಲೇಶ್ವರದಲ್ಲಿ ಅರ್ಥವಾದರು. ತುಂತುರಿಗೆ ದಿನವೂ ಬೈಯುವವರು ದೊಡ್ಡ ಹೊಡೆತಕ್ಕೆ ಮಾತನ್ನು ಖರ್ಚು ಮಾಡುವುದಿಲ್ಲ.

ಬಿಜಾಪುರಕ್ಕೆ ಬಂದ ಮೇಲೆ ಮಿಸೆಸ್ ವಾಟ್ಕಿನ್ಸ್ ನೆಗಡಿಯಿಂದ ಒಂದು ದಿನ ಹಾಸಿಗೆ ಹಿಡಿದರು. ಅದರ ಮರುದಿನ ಗಾಡಿ ಹೊರಡುವ ಹೊತ್ತಿಗೆ ಹುಸೇನಸಾಬ ಒಂದು ಬುಟ್ಟಿ ಹೊತ್ತು ಪ್ಲಾಟ್‌ಫಾರಮ್ಮಿನಲ್ಲಿ ಓಡಿ ಬಂದ. ತಿಕೋಟಾದಲ್ಲಿ ಒಂದು ಹನಿ ಬಿದ್ದಿರಲಿಲ್ಲ. ಎಂಟು ಹೆಂಗಸರು ಎರಡು ದಿನದಲ್ಲಿ ಎಲ್ಲ ಹಣ್ಣನ್ನೂ ಒಳಗೆ ಹಾಕಿದ್ದರು.

“ಮೊದಲ ಬುಟ್ಟಿ ಕಾಕಾಗ ಕಳಿಸಿದ್ನಿರಿ” ಎಂದ. “ಒಂದ ಗೊಂಚಲ ತಿಂದು ಹೇಳಿ ಕಳಿಸ್ಯಾನ, ‘ಹುಸೇನಗ ಹೇಳ್ರಿ, ಭಾಳ ಹುಳಿ ಅದಾವ’ ಅಂತ.” ಹೇಳುತ್ತ ಹೇಳುತ್ತ ಅವನ ಕಣ್ಣು ತುಂಬಿತು.

ನಾನೂ ಒಂದು ಹಣ್ಣು ಬಾಯಿಗೆ ಹಾಕಿಕೊಂಡೆ. ಸಕ್ಕರೆ. “ಹೌದು, ಬರೀ ಹುಳಿ” ಎಂದೆ. ಅವನ ಮುಖ ನೋಡಬೇಕಿತ್ತು ನೀವು.

ಗಾಡಿ ಹೊರಟಿತು. ಕಿಟಕಿಯಲ್ಲಿ ಊರು ಹಿಂದೆ ಸರಿದು, ಮನೆಗಳು ತಗ್ಗಿ, ಕೊನೆಗೆ ಗುಮ್ಮಟವೊಂದೇ ಬಯಲಿನ ಮೇಲೆ ಉಳಿಯಿತು. ಮೋಡವೆಲ್ಲ ಕರಗಿ ಆಕಾಶ ತೊಳೆದಿಟ್ಟಂತಿತ್ತು. ಒಳ್ಳೆಯ ಗಾಳಿ. ಅಂಥ ಬೆಳಗು ನನ್ನ ಬದುಕಿನಲ್ಲಿ ಹೆಚ್ಚು ಬಂದಿಲ್ಲ. ಮಿಸೆಸ್ ವಾಟ್ಕಿನ್ಸ್ ಮೂಗು ಒರೆಸಿಕೊಂಡು, ಟೋಪಿ ಸರಿಪಡಿಸಿಕೊಂಡು ಹೊರಗೆ ನೋಡಿದರು.

“ತುಸು ಗಾಳಿ ಇದೆ, ಅಲ್ಲವೇ?”

“ಹೌದು, ಮಿಸೆಸ್ ವಾಟ್ಕಿನ್ಸ್,” ಎಂದೆ. “ಬಲು ಕೆಟ್ಟ ಹವೆ.”

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಬುಟ್ಟಿಯನ್ನು ಮಡಿಲಿಗೆ ಎತ್ತಿಕೊಂಡು, ಕಿಟಕಿಯ ಕಡೆ ಸರಿದು, ನನಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.